ದೊಡ್ಡವರ ಇಂಗ್ಲಿಷು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಆ ಭಾನುವಾರ ಚಿಕ್ಕಮ್ಮ ಕೊಟ್ಟದ್ದು ಕಾಫಿ ಎಂದು ನನ್ನ ನೆನಪು. ಅಂದು ಸಂಜೆ ನಾನೇ ಬರೆದ ಡೈರಿಯಲ್ಲಿ ಟೀ ಎಂದಿದೆ. ಚಿಕ್ಕಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರೋ, ದಿಂಬಿಗೆ ಒರಗಿ ಮಂಚದ ಮೇಲಿದ್ದರೋ, ಅದೂ ಈಗ ಖಚಿತವಿಲ್ಲ. ಡೈರಿ ಬರೆಯುವವರಿಗೆ ನೆನಪಿನ ಮೇಲೆ ಭರವಸೆ ಜಾಸ್ತಿ ಎಂದು ಜನ ಅಂದುಕೊಳ್ಳುತ್ತಾರೆ. ನನಗೆ ಆಗಿರುವುದು ಉಲ್ಟಾ. ಹಳೆಯ ಪುಟ ತೆಗೆದಾಗಲೆಲ್ಲ ನಾನು ನೆನಪಿಟ್ಟುಕೊಂಡದ್ದು ಒಂದು, ಬರೆದಿಟ್ಟದ್ದು ಇನ್ನೊಂದು. ಆದರೆ ಅವತ್ತು ಅವರಿಬ್ಬರು ಆಡಿದ ಮಾತಿನ ಬಗ್ಗೆ ನನಗೆ ಅನುಮಾನವಿಲ್ಲ. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ಅದು ನನಗೆ ಅರ್ಥವಾಯಿತು. ಅರ್ಥವಾಗಬಾರದೆಂದೇ ಅವರು ಅದನ್ನು ಇಂಗ್ಲಿಷಿನಲ್ಲಿ ಆಡಿದ್ದರು.

ನಾನು ಶಿವಮೊಗ್ಗದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್, ಕನ್ನಡ ಮಾಧ್ಯಮದ ವಿಭಾಗಕ್ಕೆ. ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ, ಅದೂ ಕನ್ನಡದಲ್ಲೇ ಉತ್ತರ ಬರೆದು. ಮುಂದಿನ ಜೂನ್‌ನಿಂದ ಕನ್ನಡ ಮಾಧ್ಯಮದ ವಿಭಾಗ ಇರುವುದಿಲ್ಲ ಎಂದು ಆಡಳಿತ ಮಂಡಳಿಯವರು ಸ್ಟಾಫ್ ಮೀಟಿಂಗಿನಲ್ಲಿ ಹೇಳಿದರು. ಮಕ್ಕಳೇ ಸೇರುತ್ತಿಲ್ಲ, ಏನು ಮಾಡುವುದು ಎಂದರು. ಬೇಸಿಗೆ ರಜೆಯ ಮೊದಲು ಎಲ್ಲರೂ ಒಂದೊಂದು ಪಾಠವನ್ನು ಇಂಗ್ಲಿಷಿನಲ್ಲಿ ಮಾಡಿ ತೋರಿಸಬೇಕು ಎಂದರು. ಆಗದವರನ್ನು ಏನು ಮಾಡುತ್ತೀರಿ ಎಂದು ನಾವು ಯಾರೂ ಕೇಳಲಿಲ್ಲ. ಅವರೂ ಹೇಳಲಿಲ್ಲ.

ನನ್ನ ಹೆದರಿಕೆ ಕೆಲಸ ಹೋಗುವುದಕ್ಕಿಂತ ಹಳೆಯದು. ಇಂಗ್ಲಿಷ್ ನನ್ನ ತಲೆಗೆ ಹತ್ತುವ ಭಾಷೆಯಲ್ಲ ಎಂಬುದು ನನಗೆ ಹತ್ತು ವರ್ಷದವಳಿದ್ದಾಗಲೇ ತಿಳಿದುಹೋಗಿತ್ತು. ಬಣ್ಣ ಕಪ್ಪು, ಕೂದಲು ಗುಂಗುರು, ಇಂಗ್ಲಿಷ್ ಬರಲ್ಲ ಎಂದು ನನ್ನ ಬಗ್ಗೆ ನಾನು ಒಂದೇ ಉಸಿರಿನಲ್ಲಿ ಹೇಳಬಲ್ಲವಳಾಗಿದ್ದೆ. ಅದು ಹೇಗೆ ತಿಳಿಯಿತು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಾವು ಹೊಳಲೂರಿನವರು. ಅಪ್ಪ ಬೇರೆಯವರ ಗದ್ದೆಯಲ್ಲಿ ದುಡಿಯುತ್ತಿದ್ದರು. ಮೂರು ಮಕ್ಕಳಲ್ಲಿ ನಡುವಿನವಳಾದ ನನ್ನನ್ನು, ಓದಿಸುತ್ತೇನೆಂದು, ಅಮ್ಮನ ತಂಗಿ ಭದ್ರಾವತಿಗೆ ಕರೆದುಕೊಂಡು ಹೋದಳು. ಚಿಕ್ಕಪ್ಪನಿಗೆ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ, ನ್ಯೂ ಟೌನಿನಲ್ಲಿ ಕ್ವಾರ್ಟರ್ಸ್. ಅವರಿಗೊಬ್ಬಳು ಮಗಳು, ಹೆಚ್ಚುಕಡಿಮೆ ನನ್ನದೇ ವಯಸ್ಸು, ಕೆಲವು ತಿಂಗಳ ಅಂತರದಲ್ಲಿ ನನಗೆ ತಂಗಿ. ಇಬ್ಬರಿಗೂ ಒಂದೇ ತಾನಿನ ಬಟ್ಟೆಯ ಫ್ರಾಕು, ಒಂದೇ ಮಂಚ, ಜಡೆಗೆ ಒಂದೇ ಟೇಪನ್ನು ಎರಡಾಗಿ ಕತ್ತರಿಸಿದ ತುಂಡುಗಳು. ಚಿಕ್ಕಮ್ಮ ನನಗೆ ಊಟದಲ್ಲಿ ಕಡಿಮೆ ಮಾಡಿದಳು ಎಂದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ.

ನಮ್ಮ ಕ್ವಾರ್ಟರ್ಸಿನ ಲೈನಿನಲ್ಲಿ ಒಂದು ಪಕ್ಕದ ಮನೆ ತಮಿಳಿನವರದು, ಇನ್ನೊಂದು ಪಕ್ಕದ್ದು ತೆಲುಗಿನವರದು. ಕುಂಟೆಬಿಲ್ಲೆ ಆಡುತ್ತ ಆಡುತ್ತಲೇ ನಮಗೆ ಎರಡೂ ಬಂದುಬಿಟ್ಟವು. ಸಂತೆಗೆ ಹೋಗಿ ಬಂದು ಉರ್ದುವೂ ಅಷ್ಟಿಷ್ಟು ಅಂಟಿಕೊಂಡಿತು. ಹಾಗಾಗಿ ಆ ಲೈನಿನ ದೊಡ್ಡವರಿಗೆ ಗುಟ್ಟು ಮಾತಾಡಲು ಉಳಿದದ್ದು ಒಂದೇ ಭಾಷೆ. ಎಲ್ಲರ ಮನೆಯಲ್ಲೂ ಅದೇ ಪದ್ಧತಿ. ಮಕ್ಕಳ ಕಿವಿಗೆ ಬೀಳಬಾರದ ವಿಷಯ ಬಂದರೆ ಮಕ್ಕಳನ್ನು ಆಚೆ ಕಳಿಸುತ್ತಿರಲಿಲ್ಲ, ಕೂತಲ್ಲೇ ಇಂಗ್ಲಿಷಿಗೆ ಹೊರಳುತ್ತಿದ್ದರು. ಚಿಕ್ಕಪ್ಪನದು ಆಫೀಸಿನ ಇಂಗ್ಲಿಷು, ಪಿಯುಸಿವರೆಗೆ ಓದಿದ್ದ ಚಿಕ್ಕಮ್ಮನದು ಅಳೆದು ಸುರಿದ ಇಂಗ್ಲಿಷು. ನನಗೂ ತಂಗಿಗೂ ಒಂದು ಅಕ್ಷರ ತಿಳಿಯದಿದ್ದರೂ ಅದರ ಫಲ ಮಾತ್ರ ತಿಳಿದಿತ್ತು. ಇಂಗ್ಲಿಷ್ ಆದ ಸ್ವಲ್ಪ ಹೊತ್ತಿಗೆ ಯಾರಿಗೋ ಇಂಜೆಕ್ಷನ್, ಇಲ್ಲವೇ ಸಿನಿಮಾ ರದ್ದು, ಇಲ್ಲವೇ ಲೈನಿನಲ್ಲಿ ಯಾರೋ ಹೋಗಿಬಿಟ್ಟಿರುವ ಸುದ್ದಿ. ನಾವು ಅದಕ್ಕೆ ದೊಡ್ಡವರ ಇಂಗ್ಲಿಷು ಎಂದು ಹೆಸರಿಟ್ಟಿದ್ದೆವು.

ನಾಲ್ಕನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ನಮ್ಮಿಬ್ಬರನ್ನೂ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯ ಇಂಟರ್‌ವ್ಯೂಗೆ ಕರೆದುಕೊಂಡು ಹೋದರು. ಒಬ್ಬೊಬ್ಬರನ್ನೇ ಒಳಗೆ ಕರೆದರು. ಮೇಜಿನ ಮೇಲೆ ಒಂದು ಗ್ಲೋಬು ಇತ್ತು. ಹೆಡ್ ಮಿಸ್ ಏನೋ ಕೇಳಿದರು. ನಾನು ಗ್ಲೋಬಿನ ನೀಲಿಯನ್ನೇ ನೋಡುತ್ತ ಬಾಯಿ ಕಟ್ಟಿದವಳ ಹಾಗೆ ನಿಂತೆ. ಅವರು ಮತ್ತೆ ಕೇಳಿದರು, ನಾನು ಮತ್ತೆ ಸುಮ್ಮನೆ. ಕೆಲವು ದಿನಗಳ ನಂತರ ಚಿಕ್ಕಪ್ಪ ಶಾಲೆಗೆ ಹೋಗಿ ಬಂದು, ಇಬ್ಬರಿಗೂ ಆಗಲಿಲ್ಲ ಎಂದರು. ನಿನಗೆ ಬಾಯೇ ಬರಲಿಲ್ಲವಂತೆ ಎಂದು ಚಿಕ್ಕಮ್ಮ ನನ್ನ ತಲೆ ಸವರಿದಳು. ಮರುವರ್ಷ ತಂಗಿ ಟ್ಯೂಷನ್ನಿಗೆ ಹೋಗಿ ಅದೇ ಶಾಲೆಗೆ ಸೇರಿದಳು. ನನ್ನನ್ನು ಎರಡನೇ ಸಲ ಕರೆದುಕೊಂಡು ಹೋಗಲಿಲ್ಲ. ಅದು ನಿನಗೆ ಹತ್ತಲ್ಲ ಪುಟ್ಟಾ, ಕನ್ನಡದಲ್ಲೇ ಚೆನ್ನಾಗಿ ಓದು ಎಂದರು. ನಾನು ಚೆನ್ನಾಗಿಯೇ ಓದಿದೆ.

ಡಿಗ್ರಿಯ ಇಂಗ್ಲಿಷ್ ಪೇಪರನ್ನು ಗೈಡ್ ಉರುಹೊಡೆದು ದಾಟಿಸಿದೆ. ಹೆಣ್ಣು ನೋಡಲು ಬಂದವರಿಗೆ, ಅವರು ಕೇಳುವ ಮೊದಲೇ, ಇಂಗ್ಲಿಷ್ ಅಷ್ಟಕ್ಕಷ್ಟೆ ಎಂದೆ. ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ಯಾವಾಗಲೂ ಗಂಡನನ್ನೇ ಅಟ್ಟಿದೆ. ಇದ್ಯಾವುದೂ ನನಗೆ ನೋವು ಅನ್ನಿಸಿರಲಿಲ್ಲ. ಎತ್ತರ ಇಲ್ಲದವರು ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚುವುದಿಲ್ಲವಲ್ಲ, ಹಾಗೆ.

ಸ್ಟಾಫ್ ಮೀಟಿಂಗ್ ಆದ ಮೇಲೆ ಕೋಚಿಂಗ್ ಕ್ಲಾಸಿಗೆ ಹೋಗುವ ಧೈರ್ಯ ಬರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳೇ ಪಕ್ಕದ ಬೆಂಚಿನಲ್ಲಿ ಸಿಕ್ಕಿಬಿಟ್ಟರೆ? ಗಾಂಧಿ ಬಜಾರಿನ ಹತ್ತಿರ ಹಳೆ ಪುಸ್ತಕ ಮಾರುವವರ ಬಳಿ ದಪ್ಪನೆಯ ಒಂದು ಗ್ರಾಮರ್ ಪುಸ್ತಕ ಕೊಂಡೆ. ಅಭ್ಯಾಸದ ಉತ್ತರಗಳು ಕೊನೆಯಲ್ಲಿವೆ ಎಂದು ಮೊದಲ ಪುಟದಲ್ಲಿ ಬರೆದಿತ್ತು. ಮನೆಗೆ ಬಂದು ನೋಡಿದರೆ ಕೊನೆಯ ಹಾಳೆಗಳೇ ಇರಲಿಲ್ಲ. ಬದಲಾಯಿಸಿಕೊಂಡು ಬರಲು ನಾಚಿಕೆಯಾಯಿತು. ಬರೆದದ್ದು ಸರಿಯೋ ತಪ್ಪೋ ಎಂದು ಫೋನಿನಲ್ಲಿ ಹುಡುಕಿ, ಅದು ಹೇಳಿದ್ದನ್ನೂ ಅನುಮಾನಿಸುತ್ತ ಓದಿದೆ.

ವಿನೋಬನಗರದ ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ಊಟದ ಮೇಜು ಖಾಲಿ ಇರುತ್ತದೆ. ಒಂದು ತುದಿಯಲ್ಲಿ ನಾನು ಪುಸ್ತಕ ಹಿಡಿದು ಕೂರುತ್ತಿದ್ದೆ, ಇನ್ನೊಂದು ತುದಿಯಲ್ಲಿ ಅಮ್ಮ ತರಕಾರಿ ಹೆಚ್ಚುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ನಮ್ಮ ಜೊತೆಗೇ ಇದ್ದಾಳೆ. ಮೊದಲ ದಿನಗಳಲ್ಲಿ ಭೂತ, ವರ್ತಮಾನ ಎಂದು ಕಾಲಗಳಲ್ಲೇ ಮುಳುಗಿಹೋದೆ. ಆಮೇಲೆ ಒಂದೊಂದಾಗಿ ಬಿಡಿಸಿಕೊಳ್ಳತೊಡಗಿತು. ಕನ್ನಡದಲ್ಲಿ 'ಬಂದಳು' ಎಂದರೆ ಸಾಕು, ಬಂದದ್ದು ಯಾರು ಎಂದು ಕ್ರಿಯಾಪದದ ಬಾಲವೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಪ್ರತಿ ಸಲವೂ ಯಾರು ಎಂದು ಬಾಯಿಬಿಟ್ಟು ಹೇಳಬೇಕು. ಇಂಥ ಸಣ್ಣ ಸಣ್ಣದು ಹೊಳೆದಾಗ, ಮಗುವಿಗೆ ಹಲ್ಲು ಬಂದಷ್ಟು ಖುಷಿಯಾಗುತ್ತಿತ್ತು. ಗಟ್ಟಿಯಾಗಿ ಓದುತ್ತಿದ್ದೆ. ಕೆಲವು ತಿಂಗಳು ಕಳೆಯುವ ಹೊತ್ತಿಗೆ ಫೋನಿನಲ್ಲಿ ಇಂಗ್ಲಿಷ್ ಸುದ್ದಿ ಹಾಕಿಕೊಂಡು ಪಾತ್ರೆ ತೊಳೆಯುವಾಗ, ವಾಕ್ಯಗಳು ಇಡಿಯಾಗಿ ಒಳಗೆ ಬರತೊಡಗಿದವು.

ಪಿಯುಸಿ ಓದುವ ಮಗಳು ಆಡಿಕೊಳ್ಳುತ್ತಿದ್ದಳು. "ಅಮ್ಮಾ, ನೀನು ಇಂಗ್ಲಿಷ್ ಗಟ್ಟಿಯಾಗಿ ಓದಿದ್ರೆ ಕೋರ್ಟಲ್ಲಿ ಸಾಕ್ಷಿ ಹೇಳ್ದಂಗಿರುತ್ತೆ. ಇಷ್ಟು ಸರಿಯಾಗಿ ಯಾರೂ ಮಾತಾಡಲ್ಲ." ಗಂಡ, ತಾನಿನ್ನು ಪೇರೆಂಟ್ಸ್ ಮೀಟಿಂಗಿನಿಂದ ರಿಟೈರಾದೆ ಎಂದು ಘೋಷಿಸಿದ. ಅಮ್ಮ ಒಂದು ದಿನ ತಲೆ ಎತ್ತದೆಯೇ ಕೇಳಿದಳು.

"ಈಗ್ಯಾಕೆ ಮಾರಾಯ್ತಿ ಈ ಗೋಳು? ಅದು ನಿನಗೆ ಬರಲ್ಲ ಅಂತ ಆಗ್ಲೇ ಗೊತ್ತಾಗಿತ್ತಲ್ಲ."

ನಾನು ನಕ್ಕೆ. ನಿಜ ತಾನೇ ಎಂದುಕೊಂಡೆ.

ಚಿಕ್ಕಪ್ಪ ಜ್ವರದಿಂದ ಆಸ್ಪತ್ರೆ ಸೇರಿ ಮನೆಗೆ ಬಂದಿದ್ದರು. ಆ ಭಾನುವಾರ ನೋಡಲು ಹೊರಟೆ. ಬಸ್ಸಿನಲ್ಲೂ ಗ್ರಾಮರ್ ಪುಸ್ತಕ ತೊಡೆಯ ಮೇಲಿತ್ತು. ನಾನು ಓದುತ್ತಿರುವುದು ಭದ್ರಾವತಿಯವರಿಗೆ ಗೊತ್ತಿರಲಿಲ್ಲ. ಪಾಠ ಮಾಡಿ ಗೆದ್ದ ಮೇಲೆ ಹೇಳೋಣ ಎಂದಿದ್ದೆ. ರಿಟೈರಾದ ಮೇಲೂ ಅವರು ನ್ಯೂ ಟೌನ್ ಬಿಟ್ಟಿಲ್ಲ, ಅಲ್ಲೇ ಒಂದು ಬಾಡಿಗೆ ಮನೆಯಲ್ಲಿದ್ದಾರೆ. ತಂಗಿಯ ಮನೆ ಎರಡು ಬೀದಿ ಆಚೆ. ದಿನಾ ಮಧ್ಯಾಹ್ನ ಅವಳೇ ಸಾರು ಅನ್ನ ತಂದು ಇಬ್ಬರಿಗೂ ಬಡಿಸಿ ಹೋಗುತ್ತಾಳೆ. ಅವಳು ಬರುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಉಣ್ಣೋಣ ಎಂದು ಚಿಕ್ಕಮ್ಮ ಹೇಳಿದಳು. ಒಣಗಿದ ಬಟ್ಟೆ ಮಡಚುತ್ತ ನನ್ನ ಶಾಲೆಯ ಸುದ್ದಿ ಕೇಳಿದಳು. ಕನ್ನಡ ವಿಭಾಗ ಮುಚ್ಚುತ್ತಿರುವುದು, ಇಂಗ್ಲಿಷಿನಲ್ಲಿ ಪಾಠ ಮಾಡಿ ತೋರಿಸಬೇಕಾಗಿರುವುದು, ಎಲ್ಲ ಹೇಳಿದೆ. ರೋಗಿಯನ್ನು ನಗಿಸಲೆಂದು ಒಂದು ಮಾತು ಸೇರಿಸಿದೆ.

"ನೋಡಿ ಚಿಕ್ಕಪ್ಪ, ಹತ್ತು ವರ್ಷದವಳಿದ್ದಾಗ ಫೇಲಾದ ಇಂಟರ್‌ವ್ಯೂಗೆ ಈಗ ಮತ್ತೆ ಕೂತ್ಕೊಳ್ತಿದೀನಿ."

ಚಿಕ್ಕಪ್ಪ ನಗಲಿಲ್ಲ. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ ಇಂಗ್ಲಿಷಿಗೆ ಹೊರಳಿದರು. ಅದೇ ಹಳೆಯ ದನಿ, ಕೂತಲ್ಲೇ ಬಾಗಿಲು ಮುಂದಕ್ಕೆ ಹಾಕಿದ ಹಾಗೆ. ಅವರ ಮಾತನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಈಗಲಾದರೂ ಇವಳಿಗೆ ಹೇಳಿಬಿಡೋಣ" ಎಂದರು.

ಚಿಕ್ಕಮ್ಮ ಟವೆಲ್ಲು ಮಡಚುವುದನ್ನು ನಿಲ್ಲಿಸಲಿಲ್ಲ. ಬೇಡ, ಈಗ ಹೇಳಿದರೆ ಅವಳು ಅದನ್ನಿಟ್ಟುಕೊಂಡು ಏನು ಮಾಡುತ್ತಾಳೆ ಎಂದು ಇಂಗ್ಲಿಷಿನಲ್ಲೇ ಉತ್ತರಿಸಿದಳು.

"ಅವತ್ತು ಆಯ್ಕೆಯಾದವಳು ಇವಳು. ಆಗದಿದ್ದವಳು ನಮ್ಮ ಮಗಳು. ಇಷ್ಟು ವರ್ಷ ಇವಳು ತಾನು ಫೇಲು ಅಂತ ನಂಬಿಕೊಂಡೇ ಬದುಕಿದ್ದಾಳೆ."

ಮೆಲ್ಲಗೆ ಎಂದು ಚಿಕ್ಕಮ್ಮ ಎಚ್ಚರಿಸಿದಳು. ಮರುಕ್ಷಣ ತನ್ನ ಎಚ್ಚರಿಕೆಗೆ ತಾನೇ ನಕ್ಕು, ಮೆಲ್ಲಗೆ ಯಾಕೆ, ಇವಳಿಗೇನು ತಿಳಿಯುತ್ತದೆಯೇ ಎಂದಳು. ಆಮೇಲೆ ನನ್ನ ಕೈಯ ಲೋಟ ನೋಡಿ ಕನ್ನಡದಲ್ಲಿ, ಇನ್ನೊಂಚೂರು ಹಾಕಲಾ ಎಂದು ಕೇಳಿದಳು.

ಆ ಗಳಿಗೆಯಲ್ಲಿ ನನಗೆ ಮೊದಲು ಆದದ್ದು ಸಂತೋಷ. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ, ಆದರೆ ಆದದ್ದು ಅದೇ. ಎಲ್ಲ ವಾಕ್ಯಗಳೂ ನನಗೆ ತಿಳಿದವು, ಒಂದು ಪದವನ್ನೂ ನಾನು ತಡವಿಕೊಳ್ಳಲಿಲ್ಲ ಎಂಬ ಖುಷಿ. ಅಭ್ಯಾಸದ ಪಕ್ಕದಲ್ಲಿ ಪೆನ್ಸಿಲಿನಿಂದ ಸರಿ ಗುರುತು ಹಾಕುವಾಗ ಆಗುವಂಥದ್ದು. ವಾಕ್ಯಗಳು ಮೊದಲು ಬಂದವು. ಅವು ಹೇಳುತ್ತಿದ್ದ ಸಂಗತಿ ಅವುಗಳ ಹಿಂದೆ, ಸ್ವಲ್ಪ ತಡವಾಗಿ ಬಂತು. ಆಗ ಕೈಯಲ್ಲಿದ್ದ ಸ್ಟೀಲ್ ಲೋಟ ಸುಡುತ್ತಿತ್ತು. ಅದನ್ನು ಕೆಳಗಿಡಬೇಕು ಎಂದು ಹೊಳೆಯಲಿಲ್ಲ. ಹೆಬ್ಬೆರಳು ಕೆಂಪಾಗಿರುವುದನ್ನು ಮನೆಗೆ ಬಂದ ಮೇಲೆ ನೋಡಿದೆ.

"ಐ ಅಂಡರ್‌ಸ್ಟ್ಯಾಂಡ್, ಚಿಕ್ಕಪ್ಪ" ಎಂದೆ.

ಹಾಗೆಂದೆ ಎಂದು ನೆನಪು. ಡೈರಿಯಲ್ಲೂ ಹಾಗೇ ಇದೆ. ಇನ್ನೊಬ್ಬರ ಮುಖ ನೋಡಿ ನಾನು ಆಡಿದ ಮೊದಲ ಇಂಗ್ಲಿಷ್ ವಾಕ್ಯ ಅದು.

ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡರು. ಚಿಕ್ಕಮ್ಮನ ಕೈಯ ಟವೆಲ್ಲು ಅರ್ಧ ಮಡಿಕೆಯಲ್ಲೇ ನಿಂತಿತು. ಅವಳ ಬಾಯಿಂದ ಬಂದ ಮೊದಲ ಮಾತು, ಯಾವಾಗ ಕಲಿತೆ ಎಂಬುದು. ಬೇರೆ ಯಾವ ಮಾತೂ ಅಲ್ಲ, ಇದೇ. ಅವಳ ಮುಖ ನೋಡಿದರೆ, ಎಷ್ಟು ದಿನದಿಂದ ನನಗೆ ತಿಳಿಯುತ್ತಿದೆ, ಹಿಂದೆ ಏನೇನು ಕೇಳಿಸಿಕೊಂಡಿದ್ದೇನೆ ಎಂದು ಲೆಕ್ಕ ಹಾಕುತ್ತಿರುವ ಹಾಗಿತ್ತು. ನಾನು ಪಾಸಾಗಿದ್ದೆನಾ ಎಂದು ಕನ್ನಡದಲ್ಲಿ ಕೇಳಿದೆ. ಚಿಕ್ಕಪ್ಪ ಕಣ್ಣು ತೆರೆಯದೆಯೇ ಹೌದೆಂದು ತಲೆಯಾಡಿಸಿದರು.

ಆಮೇಲೆ ಚಿಕ್ಕಮ್ಮನೇ ಹೇಳಿದಳು, ಬಿಟ್ಟು ಬಿಟ್ಟು, ಗೋಡೆ ನೋಡುತ್ತ. ಒಂದೇ ಮನೆಯಿಂದ ಒಬ್ಬಳು ಟೈ ಕಟ್ಟಿಕೊಂಡು ಹೋಗುವುದು, ಇನ್ನೊಬ್ಬಳು ಹಳೇ ಶಾಲೆಗೇ ಹೋಗುವುದು, ಅದನ್ನು ದಿನಾ ನೋಡಲು ತನ್ನಿಂದ ಆಗುತ್ತಿರಲಿಲ್ಲ ಎಂದಳು. ನನ್ನೊಬ್ಬಳಿಗೇ ಸೀಟು ಸಿಕ್ಕಿದ್ದು ತಿಳಿದಿದ್ದರೆ ಮಗಳು ಮೂರು ದಿನ ಊಟ ಬಿಡುತ್ತಿದ್ದಳು ಎಂದಳು. ಚಿಕ್ಕಪ್ಪ ಹೆಡ್ ಮಿಸ್ಸಿಗೆ ನಾನು ಹೊಳಲೂರಿಗೆ ವಾಪಸ್ ಹೋಗುತ್ತಿದ್ದೇನೆಂದು ಹೇಳಿ ಸೀಟು ಬೇಡವೆಂದು ಬಂದರಂತೆ. ಮರುವರ್ಷ ಟೈ ಕಟ್ಟಿಕೊಂಡು ಹೋದವಳು ಅವಳ ಮಗಳು, ಹಳೇ ಶಾಲೆಗೆ ಹೋದವಳು ನಾನು. ಅದನ್ನು ದಿನಾ ನೋಡಲು ಅವಳಿಂದ ಆಗಿತ್ತು. ಇದು ನನಗೆ ಹೊಳೆದದ್ದು ಬಸ್ಸಿನಲ್ಲಿ. ಅಲ್ಲಿ ಕೂತಿದ್ದಾಗ ಏನೂ ಹೊಳೆಯಲಿಲ್ಲ. ತಟ್ಟೆಯ ಹಾಗೆ ಕೂತಿದ್ದೆ, ಅವಳು ಬಡಿಸುತ್ತಿದ್ದಳು.

ನಾನು ಎದ್ದು ಚಪ್ಪಲಿ ಮೆಟ್ಟುವಾಗ ಅವಳು ಬಾಗಿಲಿಗೆ ಬಂದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿಯಲ್ಲಿ ಸಿಟ್ಟು.

"ನಾವಾಗೇ ಏನೂ ಮಾಡ್ಲಿಲ್ಲ ಕಣೇ. ಹೊಳಲೂರಿಗೆ ಹೋಗಿ ನಿಮ್ಮಮ್ಮನ್ನ ಕೇಳೇ ಮಾಡಿದ್ದು. ಬೇಕಿದ್ರೆ ಹೋಗಿ ಕೇಳ್ಕೋ."

ತಂಗಿ ಊಟ ತರುವ ಮೊದಲೇ ಹೊರಟುಬಿಟ್ಟೆ. ಅವಳು ಎದುರಿಗೆ ಸಿಕ್ಕರೆ ಏನು ಮಾತಾಡುವುದು ಎಂದು ಹಿಂದಿನ ಬೀದಿಯಿಂದ ಸುತ್ತಿ ಬಸ್ ಸ್ಟಾಪಿಗೆ ಬಂದೆ. ಇಂಗ್ಲಿಷ್ ಶಾಲೆಗೆ ಸೇರಿದ ಮೇಲೆ ದೊಡ್ಡವರ ಇಂಗ್ಲಿಷು ಅವಳಿಗೆ ತಿಳಿಯತೊಡಗಿತ್ತು. ಇದೂ ತಿಳಿದಿತ್ತೇ? ಗೊತ್ತಿಲ್ಲ.

ಬಸ್ಸು ಭದ್ರೆಯನ್ನು ದಾಟಿದ್ದು ನನಗೆ ಗೊತ್ತಾಗಲಿಲ್ಲ. ತಲೆಯಲ್ಲಿ ಗ್ಲೋಬು ತಿರುಗುತ್ತಿತ್ತು. ಆಯ್ಕೆಯಾಗಿದ್ದೆ ಎಂದರೆ ನಾನು ಉತ್ತರ ಕೊಟ್ಟಿರಬೇಕು. ಬಾಯಿ ಕಟ್ಟಿದವಳ ಹಾಗೆ ನಿಂತಿದ್ದ ಹುಡುಗಿಯನ್ನು ಯಾವ ಶಾಲೆಯೂ ತೆಗೆದುಕೊಳ್ಳುವುದಿಲ್ಲ. ಹಾಗಾದರೆ ನಾನು ಅಲ್ಲಿ ಮಾತಾಡಿದ್ದೇನೆ. ಏನು ಮಾತಾಡಿದೆ, ಯಾವ ಭಾಷೆಯಲ್ಲಿ? ಎಷ್ಟು ಹುಡುಕಿದರೂ ಒಂದು ಪದ ಸಿಗಲಿಲ್ಲ. ಸಿಗುವುದು ಗ್ಲೋಬಿನ ನೀಲಿ, ಒಣಗಿದ ಬಾಯಿ, ಮತ್ತೆ ಕೇಳಿದ ದನಿ. ಅಷ್ಟು ಸ್ಪಷ್ಟವಾಗಿ ನೆನಪಿರುವ ಆ ಮೌನ ನಡೆದೇ ಇಲ್ಲ. ನಿನಗೆ ಬಾಯೇ ಬರಲಿಲ್ಲವಂತೆ ಎಂದು ಚಿಕ್ಕಮ್ಮ ಹೇಳಿದ ಮೇಲೆ ಅದನ್ನು ನಾನೇ, ಎಲ್ಲೋ, ನೇಯ್ದುಕೊಂಡಿದ್ದೇನೆ. ಸುಳ್ಳು ಹೇಳಿದ್ದು ಅವರು. ಅದಕ್ಕೆ ಸಾಕ್ಷಿಯಾಗಿ ನಿಂತದ್ದು ನನ್ನ ನೆನಪು. ಸೀಟು ಹೋದದ್ದಕ್ಕಿಂತ ಇದು ನನ್ನನ್ನು ಅಲ್ಲಾಡಿಸಿತು. ಬಾಯಿಬಿಟ್ಟ ಆ ಹುಡುಗಿ ಒಂದು ಸಲವೂ ನನಗೆ ಕಾಣಿಸಿಕೊಂಡಿಲ್ಲ. ಮೂಗಿಯಾದವಳೇ ಇಷ್ಟು ವರ್ಷ ನನ್ನ ಜೊತೆಗಿದ್ದಾಳೆ.

ಶಿವಮೊಗ್ಗದಲ್ಲಿ ನಾನು ಇಳಿಯಬೇಕಾದ ಸ್ಟಾಪು ಹೋಯಿತು. ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೂ ಕೂತೇ ಇದ್ದೆ. ಕಂಡಕ್ಟರ್ ಬಂದು, ಮೇಡಂ, ವಾಪಸ್ ಭದ್ರಾವತಿಗೇ ಬರ್ತೀರಾ ಎಂದು ಕೇಳಿದರು.

ಅಂದು ಅಮ್ಮನನ್ನು ಏನೂ ಕೇಳಲಿಲ್ಲ. ಚಿಕ್ಕಪ್ಪ ಹೇಗಿದ್ದಾರೆ ಎಂದು ಅವಳೇ ಕೇಳಿದಳು, ಪರವಾಗಿಲ್ಲ ಎಂದೆ. ಜ್ವರದಿಂದ ಎದ್ದವರ ಮಾತು, ಮರೆವಿನಲ್ಲಿ ಯಾವುದನ್ನೋ ಯಾವುದಕ್ಕೋ ಸೇರಿಸಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಚಿಕ್ಕಮ್ಮನಿಗೆ ಜ್ವರ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನ ಹಾಗೆ ಪುಸ್ತಕ ತೆಗೆದು ಮೇಜಿಗೆ ಕೂತೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಓದಲು ಬಾಯಿ ತೆರೆದರೆ ದನಿ ಬರಲಿಲ್ಲ. ಇಷ್ಟು ತಿಂಗಳು ನಾನು ಮಗುವಿನ ಹಾಗೆ ತೊದಲಿದ್ದನ್ನು ಅವಳು ಇಲ್ಲೇ, ಕೈಯಳತೆಯಲ್ಲೇ ಕೂತು ಕೇಳಿದ್ದಾಳೆ. ತಪ್ಪಿದಾಗ ತಲೆ ಚಚ್ಚಿಕೊಂಡದ್ದನ್ನು ನೋಡಿದ್ದಾಳೆ. ಅದು ನಿನಗೆ ಬರಲ್ಲ ಅಂತ ಆಗಲೇ ಗೊತ್ತಾಗಿತ್ತಲ್ಲ ಎಂದಿದ್ದಾಳೆ.

ಚಿಕ್ಕಮ್ಮ ಹೇಳಿದ್ದನ್ನೆಲ್ಲ ಹೇಳಿ, ಕೇಳಿದೆ. ಅಮ್ಮ ನಾರು ತೆಗೆದಿಟ್ಟಿದ್ದ ಕಾಯನ್ನೇ ಮತ್ತೆ ಎತ್ತಿಕೊಂಡು ನಾರು ಹುಡುಕಿದಳು. ಕುಕ್ಕರ್ ಕೂಗಿತು. ಎದ್ದು ಹೋದಳು. ಕುಕ್ಕರ್ ಇಳಿಸಿದ ಮೇಲೂ ಒಳಗೇ ಇದ್ದಳು.

ಅವಳ ಪರವಾಗಿ ನಾನೇ ಎಷ್ಟೋ ಉತ್ತರ ಬರೆದು ನೋಡಿದ್ದೇನೆ. ಬೇಡ ಎಂದಿದ್ದರೆ ತನ್ನ ತಂಗಿ ನನ್ನನ್ನು ವಾಪಸ್ ಕಳಿಸಿಬಿಡುತ್ತಾಳೆ ಎಂದು ಹೆದರಿರಬಹುದು. ಹೊಳಲೂರಿನಲ್ಲಿ ಆಗ ಮೂರನೇ ಮಗುವಿನ ತಟ್ಟೆಗೆ ಏನಿತ್ತು ಎಂಬುದು ಅವಳಿಗೇ ಗೊತ್ತು. ಅಥವಾ, ಹೆಣ್ಣುಮಗು, ಯಾವ ಭಾಷೆಯಲ್ಲಿ ಓದಿದರೇನು ಎಂದುಕೊಂಡಿರಬಹುದು. ಅಥವಾ ಚಿಕ್ಕಮ್ಮ ಹೊಳಲೂರಿಗೆ ಹೋಗಿಯೇ ಇಲ್ಲದಿರಬಹುದು. ಸರಿ ಗುರುತು ಯಾವುದಕ್ಕೆ ಹಾಕಬೇಕೋ ತಿಳಿಯುತ್ತಿಲ್ಲ.

ಶಾಲೆಯಲ್ಲಿ ಪಾಠ ಮಾಡಿ ತೋರಿಸಿದ್ದಾಯಿತು. ಹೆದರಿಕೆ ಆಗಲೇ ಇಲ್ಲ. ಹೆದರಬೇಕಾದವಳು ಭದ್ರಾವತಿಯಲ್ಲೇ ಉಳಿದುಬಿಟ್ಟಿದ್ದಳು. ಮಂಡಳಿಯವರೊಬ್ಬರು, ನೀವು ಕಾನ್ವೆಂಟಿನಲ್ಲಿ ಓದಿದವರಾ ಎಂದು ಕೇಳಿದರು. ಇಲ್ಲ ಎಂದೆ. ಜೂನ್‌ನಿಂದ ಎಂಟನೇ ಕ್ಲಾಸು ಕೊಟ್ಟಿದ್ದಾರೆ. ಮನೆಗೆ ಬಂದು ಹೇಳಿದಾಗ ಮಗಳು ಚಪ್ಪಾಳೆ ತಟ್ಟಿದಳು. ಅಮ್ಮ ಪಾಯಸಕ್ಕೆ ಶಾವಿಗೆ ಹುರಿದಳು.

ಬೆಳಿಗ್ಗೆ ನಾನು ಈಗಲೂ ಮೇಜಿನ ಈ ತುದಿಯಲ್ಲಿ ಕೂರುತ್ತೇನೆ. ಅಮ್ಮ ಆ ತುದಿಯಲ್ಲಿ ತರಕಾರಿ ಹೆಚ್ಚುತ್ತಾಳೆ. ಸೊಪ್ಪಿನ ಬೆಲೆ, ಮೊಮ್ಮಗಳ ಪರೀಕ್ಷೆ, ಕಾಲಿನ ಊತ, ಎಲ್ಲ ಮಾತಾಡುತ್ತೇವೆ. ಇನ್ನೊಂದು ಸಲ ಕೇಳಿಲ್ಲ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ಆ ಬೆಳಿಗ್ಗೆ ನಾನು ಕೇಳಿದ್ದು ಕನ್ನಡದಲ್ಲೇ, ತಿಳಿಯದಿರಲು ಸಾಧ್ಯವೇ ಇಲ್ಲದ ಹಾಗೆ:

"ಅಮ್ಮಾ, ಚಿಕ್ಕಮ್ಮ ಬಂದು ಕೇಳಿದಾಗ ನೀನು ಏನಂದೆ?"